ಝಯಾನ್ ಕಣಿವೆಗೆ ಅಪ್ಪ ಅಮ್ಮನ ಜೊತೆ ಮೂರು ದಿನ: ಈ ಪ್ಲಾನ್ ಸರಿ ಇದೆಯಾ?

ಹೊಸದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಸ್ಯಾನ್ ಹೋಸೆಗೆ ಬರುತ್ತಿದ್ದಾರೆ, ಅಕ್ಟೋಬರ್ ಕೊನೆಯವರೆಗೂ ಇರುತ್ತಾರೆ. ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನ ತೋರಿಸಬೇಕು ಅಂತ ಆಸೆ. ಅಪ್ಪನಿಗೆ 67, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ನಡಿಗೆ ಗಟ್ಟಿ. ಅಮ್ಮನಿಗೆ 62, ಮಂಡಿ ನೋವು. ಸಮತಟ್ಟು ದಾರಿಯಾದರೆ ಒಂದು ಮೈಲಿ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಇಳಿಯುವುದು ಕಷ್ಟ. ಜೊತೆಗೆ ನಾನು, ಹೆಂಡತಿ, ಒಂಬತ್ತು ವರ್ಷದ ಮಗ.

ಈಗಿನ ಪ್ಲಾನ್ ಹೀಗಿದೆ. ಜುಲೈ 3 ಬೆಳಿಗ್ಗೆ ವಿಮಾನದಲ್ಲಿ ಲಾಸ್ ವೇಗಸ್, ಹತ್ತು ಗಂಟೆಗೆ ಬಾಡಿಗೆ ಕಾರು, ಒಂದು ಗಂಟೆಗೆ ಝಯಾನ್, ಮಧ್ಯಾಹ್ನವೇ ಇಕ್ಕಟ್ಟಿನ ಕಂದರವಾದ ನ್ಯಾರೋಸ್‌ನಲ್ಲಿ ನದಿಯೊಳಗಿನ ನಡಿಗೆ. 4ಕ್ಕೆ ಬೆಳಿಗ್ಗೆ ಏಂಜಲ್ಸ್ ಲ್ಯಾಂಡಿಂಗ್ ಬೆಟ್ಟ, ಸಂಜೆ ಕಾರಲ್ಲೇ ಕಣಿವೆ ಸುತ್ತಿಸಿ ಅಪ್ಪ ಅಮ್ಮನಿಗೆ ತೋರಿಸುವುದು. 5ಕ್ಕೆ ಬ್ರೈಸ್ ಕ್ಯಾನ್ಯನ್, ಹಾಗೇ ಗ್ರ್ಯಾಂಡ್ ಕ್ಯಾನ್ಯನ್ನಿನ ಉತ್ತರದ ಅಂಚು ನಾರ್ತ್ ರಿಮ್ ನೋಡಿಕೊಂಡು ರಾತ್ರಿ ವೇಗಸ್.

ಇದು ಆಗುವ ಮಾತಾ? ಮಗನನ್ನು ನದಿಗೆ ಇಳಿಸಬಹುದಾ? ನಾವು ಬೆಟ್ಟ ಹತ್ತಿದಾಗ ಅಪ್ಪ ಅಮ್ಮ ಎಲ್ಲಿರಬೇಕು? ಟಿಕೆಟ್ಟಿಗೆ ಎಷ್ಟಾಗುತ್ತೆ? ವಿದೇಶಿಯರಿಗೆ ಬೇರೆ ದರ ಅಂತ ಕೇಳಿದೆ.

ಕೆಂಪುಬಂಡೆ

ಮೊದಲು ತಾರೀಖು ಬದಲಾಯಿಸಿ, ಮಿಕ್ಕಿದ್ದು ಆಮೇಲೆ. ಕಣಿವೆಯ ತಳವೇ ಸುಮಾರು 4,000 ಅಡಿ ಎತ್ತರದಲ್ಲಿದೆ, ಹಾಗಾಗಿ ತಂಪಿರಬಹುದು ಅಂದುಕೊಳ್ಳಬೇಡಿ. ಜುಲೈಯಲ್ಲಿ ಅಲ್ಲಿ 38ರಿಂದ 43 ಡಿಗ್ರಿ ಸೆಲ್ಸಿಯಸ್ ಮಾಮೂಲು. ಅಕ್ಕಪಕ್ಕದ ಬಂಡೆಗೋಡೆಗಳು ಎರಡು ಸಾವಿರ ಅಡಿ ಎತ್ತರ, ಹಗಲೆಲ್ಲ ಕಾಯುತ್ತವೆ. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರುತ್ತಲ್ಲ, ಹಾಗೆ ಸಂಜೆ ಏಳಾದರೂ ಗೋಡೆಯಿಂದ ಕಾವು ಬರುತ್ತಲೇ ಇರುತ್ತೆ. ಅದರ ಮೇಲೆ ಜುಲೈ 4ರ ರಜೆಯ ಜನ. ಮಂಡಿ ನೋವಿರುವವರನ್ನು ಆ ಬಿಸಿಲಲ್ಲಿ ಉದ್ಯಾನದ ಶಟಲ್ ಬಸ್ಸಿನ ಸಾಲಿನಲ್ಲಿ ನಿಲ್ಲಿಸುವುದು ಬೇಡವೇ ಬೇಡ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆಯ ಕಾಲ ಬೇರೆ.

ಅಕ್ಟೋಬರ್ ಕೊನೆವರೆಗೂ ಅವರು ಇರುತ್ತಾರೆ ಅಂದರೆ ಅದೃಷ್ಟ. ಅಕ್ಟೋಬರ್ ಮೊದಲ ವಾರ, ಮಂಗಳವಾರದಿಂದ ಗುರುವಾರ. ಹಗಲು 25 ಡಿಗ್ರಿ ಆಸುಪಾಸು, ರಾತ್ರಿಗೆ ಸ್ವೆಟರ್ ಬೇಕು. ಎರಡನೇ ಸೋಮವಾರ ಫೆಡರಲ್ ರಜೆ, ತಿಂಗಳ ನಡುವಿಗೆ ಯೂಟಾದ ಶಾಲೆಗಳಿಗೆ ರಜೆ. ಆ ಎರಡೂ ದಿನಗಳಲ್ಲಿ ಊರಿಗೆ ಊರೇ ಅಲ್ಲಿರುತ್ತೆ, ತಪ್ಪಿಸಿ. ಮಗನ ಸ್ಕೂಲಿಗೆ ಮೂರು ದಿನ ರಜೆ ಹಾಕಬೇಕಾಗುತ್ತೆ, ಹಾಕಿ.

ಎರಡನೆಯದು ಗಡಿಯಾರ. ವೇಗಸ್ ಇರುವ ನೆವಾಡಕ್ಕಿಂತ ಯೂಟಾ ಒಂದು ಗಂಟೆ ಮುಂದೆ. 160 ಮೈಲಿ, ನಿಲ್ಲಿಸದೆ ಓಡಿಸಿದರೂ ಎರಡೂಮುಕ್ಕಾಲು ಗಂಟೆ. ಹತ್ತಕ್ಕೆ ಕೌಂಟರಿಗೆ ಹೋದರೆ ಕಾರು ಕೈಗೆ ಬರುವುದು ಹನ್ನೊಂದಕ್ಕೆ, ದಾರಿಯಲ್ಲಿ ಊಟ. ಗೇಟು ಮುಟ್ಟುವಾಗ ಅಲ್ಲಿಯ ಸಮಯ ಮೂರೂವರೆ. ಆ ಹೊತ್ತಿಗೆ ನದಿಗೆ ಇಳಿಯುವ ಮಾತೇ ಇಲ್ಲ.

ಮೂರನೆಯದು, ಕಾರಲ್ಲಿ ಕಣಿವೆ ಸುತ್ತುವುದು ಆಗುವುದಿಲ್ಲ. ಮಾರ್ಚ್‌ನಿಂದ ನವೆಂಬರ್‌ವರೆಗೆ, ಶಟಲ್ ಓಡುವ ದಿನಗಳಲ್ಲಿ ಕಣಿವೆಯೊಳಗಿನ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಇದು ನಿಮಗೆ ಅನುಕೂಲವೇ. ಶಟಲ್‌ಗೆ ದುಡ್ಡಿಲ್ಲ, ಬುಕಿಂಗ್ ಇಲ್ಲ, ಎಲ್ಲವೂ ಬ್ಯಾಟರಿ ಬಸ್ಸು, ಗಾಲಿಕುರ್ಚಿ ಹತ್ತಿಸುವ ವ್ಯವಸ್ಥೆ ಇದೆ. ಒಂಬತ್ತು ನಿಲ್ದಾಣ, ಈ ತುದಿಯಿಂದ ಆ ತುದಿಗೆ ಸುಮಾರು 45 ನಿಮಿಷ. ಅಮ್ಮ ಎಲ್ಲೂ ಇಳಿಯದೆ ಒಮ್ಮೆ ಹೋಗಿ ಬಂದರೂ ಕಣಿವೆ ನೋಡಿದ ಹಾಗೇ. ಹೋಗುವಾಗ ಒಂದು ಪಕ್ಕದ ಕಿಟಕಿ, ಬರುವಾಗ ಇನ್ನೊಂದು ಪಕ್ಕ ಕೂರಿಸಿ.

ತೊಂದರೆ ಇರುವುದು ಪಾರ್ಕಿಂಗ್‌ನಲ್ಲಿ. ವಿಸಿಟರ್ ಸೆಂಟರ್‌ನ ಜಾಗ ಜನ ಹೆಚ್ಚಿರುವ ದಿನ ಬೆಳಿಗ್ಗೆ ಎಂಟು ಒಂಬತ್ತಕ್ಕೇ ತುಂಬಿಹೋಗುತ್ತೆ. ಆಮೇಲೆ ಬಂದವರು ಹೊರಗಿನ ಸ್ಪ್ರಿಂಗ್‌ಡೇಲ್ ಊರಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ, ಊರಿನ ಶಟಲ್ ಹಿಡಿದು ಗೇಟಿಗೆ ಬಂದು, ಕಾಲುಸೇತುವೆ ದಾಟಿ, ಮತ್ತೆ ಕಣಿವೆ ಶಟಲ್ ಸಾಲಿಗೆ ನಿಲ್ಲಬೇಕು. ಅದಕ್ಕೇ ಹೇಳುವುದು, ಖರ್ಚು ಹೆಚ್ಚಾದರೂ ಸ್ಪ್ರಿಂಗ್‌ಡೇಲ್‌ನಲ್ಲೇ, ಊರಿನ ಶಟಲ್ ನಿಲ್ದಾಣದ ಎದುರಿಗೇ ರೂಮ್ ಮಾಡಿ. ಇಪ್ಪತ್ತು ಮೈಲಿ ಹಿಂದಿರುವ ಹರಿಕನ್‌ನಲ್ಲಿ ರೂಮ್ ಅಗ್ಗ (ಬೋರ್ಡಿನಲ್ಲಿ ಚಂಡಮಾರುತದ ಸ್ಪೆಲ್ಲಿಂಗ್ ಇರುತ್ತೆ, ಊರವರು ಕರೆಯುವುದು ಹರಿಕನ್ ಅಂತ). ಆದರೆ ಬೆಳಿಗ್ಗೆ ಐದು ಜನರನ್ನು ಹೊರಡಿಸಿಕೊಂಡು ಎಂಟರೊಳಗೆ ಪಾರ್ಕಿಂಗ್ ಹಿಡಿಯುವುದು ಸುಲಭವಲ್ಲ.

ಅಮ್ಮನಿಗೆ ಸರಿಹೋಗುವ ಜಾಗಗಳು. 6ನೇ ನಿಲ್ದಾಣ ಗ್ರಾಟೊದಿಂದ 5ನೇ ನಿಲ್ದಾಣ ಝಯಾನ್ ಲಾಡ್ಜ್‌ವರೆಗೆ ಅರ್ಧ ಮೈಲಿ ಮಣ್ಣಿನ ದಾರಿ, ಇಳಿಜಾರು ಗೊತ್ತಾಗದಷ್ಟು. ಬೆಳಿಗ್ಗೆ ಜಿಂಕೆ ಮೇಯುತ್ತಿರುತ್ತವೆ. ಲಾಡ್ಜ್ ಮುಂದೆ ದೊಡ್ಡ ಹುಲ್ಲುಹಾಸು, ನಡುವೆ ಕಾಟನ್‌ವುಡ್ ಅನ್ನುವ ಹೆಮ್ಮರ, ಅರಳಿಕಟ್ಟೆಯಲ್ಲಿ ಕೂತ ಹಾಗೆ ಗಂಟೆಗಟ್ಟಲೆ ಕೂರಬಹುದು. ಕಣಿವೆಯೊಳಗೆ ಊಟ ಸಿಗುವುದು ಅದೊಂದೇ ಕಡೆ. ಕೊನೆಯ ನಿಲ್ದಾಣದಿಂದ ರಿವರ್‌ಸೈಡ್ ವಾಕ್, ನದಿಯ ಪಕ್ಕದಲ್ಲೇ ಸಿಮೆಂಟ್ ದಾರಿ, ಹೋಗಿ ಬರಲು 2.2 ಮೈಲಿ. ಮೊದಲ ಅರ್ಧ ಮೈಲಿಯೊಳಗೆ ಏರಿಳಿತ ಕಡಿಮೆ, ಅಲ್ಲಿಂದ ತಿರುಗಿ ಬರಲಿ. ಆ ನಿಲ್ದಾಣದ ಹೆಸರು ಟೆಂಪಲ್ ಆಫ್ ಸಿನವಾವಾ. ಸಿನವಾವಾ ಅನ್ನುವುದು ಅಲ್ಲಿಯ ಪಾಯೂಟ್ ಜನರ ಕೊಯೋಟಿ (ತೋಳದ ಜಾತಿಯ ಪ್ರಾಣಿ) ದೇವರು. ಆದರೆ ಅಲ್ಲಿ ಕಟ್ಟಿದ ಗುಡಿ ಇಲ್ಲ, ಬಂಡೆಗಳೇ ಸುತ್ತುಗಟ್ಟಿ ನಿಂತಿವೆ. ಅಮ್ಮನಿಗೆ ಮೊದಲೇ ಹೇಳಿಡಿ.

ವಿಸಿಟರ್ ಸೆಂಟರ್‌ನಿಂದ ಶುರುವಾಗುವ ಪಾರಸ್ ಟ್ರೈಲ್ ಪೂರ್ತಿ ಟಾರ್ ದಾರಿ. ನೆರಳು ಇಲ್ಲ, ಹಾಗಾಗಿ ಸಂಜೆ ಬಿಸಿಲಿನ ಕಾವು ತಗ್ಗಿದ ಮೇಲೆ ಹೋಗಿ. ವಾಚ್‌ಮನ್ ಶಿಖರಕ್ಕೆ ಸಂಜೆ ಬಿಸಿಲು ಬಿದ್ದು ಕೆಂಪಾಗುವುದು ಅಲ್ಲಿಂದ ಚೆನ್ನಾಗಿ ಕಾಣುತ್ತೆ.

ಹೊಳೆಸಾಲು

ತಾರೀಖಿನ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ನದಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನ್ಯಾರೋಸ್ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ: ತಲೆ ಮೇಲಿನ ಆಕಾಶ ನೀಲಿ ಇದ್ದರೆ ಸಾಕು ಅಂದುಕೊಳ್ಳುತ್ತಾರೆ.

ವರ್ಜಿನ್ ನದಿಯ ಈ ಕವಲು ಉತ್ತರದ ಎತ್ತರದ ಪ್ರಸ್ಥಭೂಮಿಯಿಂದ ಬರುತ್ತದೆ. ಅಲ್ಲಿ ಮಣ್ಣು ತೆಳು, ಬಹುಪಾಲು ಬೋಳು ಬಂಡೆ. ಬಿದ್ದ ಮಳೆ ಇಂಗುವುದಿಲ್ಲ, ಹೆಂಚಿನ ಮೇಲಿಂದ ಜಾರಿದ ಹಾಗೆ ಪೂರ್ತಿ ಕೆಳಕ್ಕೆ ಬರುತ್ತದೆ. ಹತ್ತಾರು ಮೈಲಿ ದೂರದಲ್ಲಿ ಸುರಿದ ಮಳೆಯ ನೀರು ಇಪ್ಪತ್ತು ಮೂವತ್ತು ಅಡಿ ಅಗಲದ ಸಂದಿಗೆ ಬಂದಾಗ, ಅಲ್ಲಿ ನಿಂತವರಿಗೆ ಮೋಡ ಕಂಡೇ ಇರುವುದಿಲ್ಲ. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಕ್ಯಾನ್ಯನ್ನಿನಲ್ಲಿ ಹೀಗೆ ಬಂದ ನೀರಿಗೆ ಏಳು ಜನ ಸತ್ತರು.

ಆದ್ದರಿಂದ ಬೆಳಿಗ್ಗೆ ಹೊರಡುವ ಮುಂಚೆ ಎರಡು ಸಂಗತಿ ನೋಡಬೇಕು. ಒಂದು, ಹವಾಮಾನ ಇಲಾಖೆಯ ದಿಢೀರ್ ಪ್ರವಾಹದ ಅಂದಾಜು. ನಾಲ್ಕು ಹಂತ: ನಿರೀಕ್ಷೆ ಇಲ್ಲ, ಸಾಧ್ಯ, ಸಂಭವ ಹೆಚ್ಚು, ಬಂದೇ ಬರುತ್ತದೆ. ಮಗು ಜೊತೆಗಿದ್ದರೆ ಮೊದಲ ಹಂತ ಇದ್ದ ದಿನ ಮಾತ್ರ ಇಳಿಯಿರಿ. "ಸಾಧ್ಯ" ಅಂತಿದ್ದರೂ ಬೇಡ. ಎರಡು, ನದಿಯ ಹರಿವು. ಸ್ಪ್ರಿಂಗ್‌ಡೇಲ್ ಹತ್ತಿರದ ಅಳತೆ ಕೇಂದ್ರದ ಸಂಖ್ಯೆ 09405500, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜಾಲತಾಣದಲ್ಲಿ ಇದನ್ನು ಹಾಕಿದರೆ ಆ ಹೊತ್ತಿನ ಹರಿವು ಬರುತ್ತದೆ. ಲೆಕ್ಕ ಸಿಎಫ್‌ಎಸ್‌ನಲ್ಲಿರುತ್ತದೆ, ಒಂದು ಸಿಎಫ್‌ಎಸ್ ಅಂದರೆ ಸೆಕೆಂಡಿಗೆ 28 ಲೀಟರ್. 150 ಮುಟ್ಟಿದರೆ ಉದ್ಯಾನದವರೇ ದಾರಿ ಮುಚ್ಚುತ್ತಾರೆ, ಹಿಮ ಕರಗುವ ಏಪ್ರಿಲ್ ಮೇ ತಿಂಗಳಲ್ಲಿ ಮುಚ್ಚಿರುವುದೇ ಹೆಚ್ಚು. 100 ಇದ್ದರೆ ದೊಡ್ಡವರಿಗೂ ಕಾಲು ಊರುವುದು ಕಷ್ಟ. ಶರತ್ಕಾಲದಲ್ಲಿ ಸಾಧಾರಣವಾಗಿ 40ರಿಂದ 60ರ ನಡುವೆ ಇರುತ್ತದೆ. 60 ಅಂದರೂ ಸೆಕೆಂಡಿಗೆ 1,700 ಲೀಟರ್ ನೀರು, ಹಗುರವಾಗಿ ನೋಡಬೇಡಿ. ನಿಮ್ಮ ತೊಡೆಮಟ್ಟದ ನೀರು ಒಂಬತ್ತು ವರ್ಷದ ಹುಡುಗನಿಗೆ ಸೊಂಟ ದಾಟುತ್ತದೆ, ಸೊಂಟ ದಾಟಿದ ಮೇಲೆ ನೀರು ಅವನನ್ನು ಎತ್ತಿಬಿಡುತ್ತದೆ.

ಕಾಲಡಿ ಏನಿರುತ್ತದೆ ಅಂತ ಗೊತ್ತಿರಲಿ. ತಳದಲ್ಲಿ ಇರುವುದೆಲ್ಲ ರುಬ್ಬುಗುಂಡಿನ ಗಾತ್ರದ ಉರುಟು ಕಲ್ಲು, ಮೇಲೆ ಪಾಚಿ, ನೀರು ಸ್ವಲ್ಪ ಕಲಕಿದ್ದರೆ ಕಣ್ಣಿಗೂ ಕಾಣದು. ಚಪ್ಪಲಿ, ಕ್ರಾಕ್ಸ್, ಬರಿಗಾಲು ಯಾವುದೂ ಬೇಡ, ಎರಡು ಕಲ್ಲಿನ ಸಂದಿಗೆ ಸಿಕ್ಕಿದ ಬೆರಳು ಮುರಿಯುತ್ತದೆ. ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ನದಿ ನಡಿಗೆಯ ಬೂಟು, ನಿಯೋಪ್ರೀನ್ ರಬ್ಬರಿನ ಸಾಕ್ಸು, ಎದೆಮಟ್ಟದ ಮರದ ಕೋಲು ಬಾಡಿಗೆಗೆ ಸಿಗುತ್ತವೆ. ಅಕ್ಟೋಬರ್ ನೀರಿಗೆ ಮೂರೂ ಬೇಕು, ಮಗನಿಗೆ ಸೊಂಟದವರೆಗಿನ ಡ್ರೈ ಪ್ಯಾಂಟ್ ಕೂಡ ತೆಗೆದುಕೊಳ್ಳಿ. ಹಿಂದಿನ ಸಂಜೆಯೇ ಹೋಗಿ ಅಳತೆ ನೋಡಿ ತಂದಿಟ್ಟುಕೊಳ್ಳಿ. ಜೀನ್ಸ್ ಹಾಕಿ ಇಳಿಸಬೇಡಿ, ಒದ್ದೆಯಾದ ಮೇಲೆ ಭಾರವೂ ಚಳಿಯೂ ಎರಡೂ.

ದಾಟುವ ಕ್ರಮ: ಮುಖ ನೀರು ಬರುವ ಕಡೆಗೆ. ಕೋಲನ್ನು ನಿಮ್ಮ ಮುಂದೆ, ಪ್ರವಾಹದ ಎದುರಿಗೆ ಊರಿ. ಕೋಲು ಕಚ್ಚಿಕೊಂಡಿದೆ ಅಂತ ಖಾತ್ರಿಯಾದ ಮೇಲೆ ಒಂದು ಕಾಲು, ಆ ಕಾಲು ನಿಂತ ಮೇಲೆ ಇನ್ನೊಂದು. ಕಾಲು ಎತ್ತಿ ಹಾಕಬೇಡಿ, ತಳ ಸವರಿಕೊಂಡು ಸರಿಸಿ. ನೇರ ಅಡ್ಡಕ್ಕೆ ಹೋಗದೆ ಸ್ವಲ್ಪ ಕೆಳಮುಖವಾಗಿ ಓರೆ ದಾಟಿ. ಮಗನನ್ನು ನಿಮ್ಮ ಕೆಳಗಿನ ಮಗ್ಗುಲಿಗೆ, ನೀರು ಹರಿದುಹೋಗುವ ಕಡೆಗೆ ಇಟ್ಟುಕೊಳ್ಳಿ. ನೀವು ನೀರಿನ ರಭಸ ತಡೆಯುತ್ತೀರಿ, ನಿಮ್ಮ ಹಿಂದೆ ಅವನಿಗೆ ನೀರು ಸಡಿಲ ಸಿಗುತ್ತದೆ. ಹೆಂಡತಿ ಅವನಿಗಿಂತ ಕೆಳಗೆ ಇರಲಿ.

ನೀರಿನಲ್ಲಿ ಗಂಟೆಗೆ ಒಂದು ಮೈಲಿಯಷ್ಟೇ ಸಾಗುತ್ತದೆ. ಸಿಮೆಂಟ್ ದಾರಿ ಮುಗಿದ ಮೇಲೆ ಸುಮಾರು ಅರ್ಧ ಮೈಲಿಗೆ ಬಲಗಡೆ ಬಂಡೆಯಿಂದ ಇಳಿಯುವ ಮಿಸ್ಟರಿ ಫಾಲ್ಸ್ ಸಿಗುತ್ತದೆ. ಮಗ ಅಲ್ಲಿವರೆಗೆ ಬಂದರೆ ಸಾಕು. ಎಲ್ಲರೂ ಫೋಟೊದಲ್ಲಿ ನೋಡಿರುವ ವಾಲ್ ಸ್ಟ್ರೀಟ್ ಭಾಗ ಶಟಲ್‌ನಿಂದ ಎರಡೂವರೆ ಮೈಲಿ ದಾಟಿದ ಮೇಲೆ. ಅಲ್ಲಿ ಗೋಡೆಯಿಂದ ಗೋಡೆಗೆ ನೀರು, ಹತ್ತಿ ನಿಲ್ಲಲು ದಿಬ್ಬವೇ ಇಲ್ಲ. ಮಗುವನ್ನು ಕರೆದುಕೊಂಡು ಅಲ್ಲಿಗೆ ಹೋಗಬಾರದು. ನೀರು ಕಂದಾಗುವುದು, ಕಡ್ಡಿ ಎಲೆ ತೇಲಿ ಬರುವುದು, ದೂರದಲ್ಲಿ ಮೊರೆತ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಅದೇ ಕ್ಷಣ ಎತ್ತರದ ಜಾಗ ಹಿಡಿಯಿರಿ. ಓಡಿ ಬಂದ ದಾರಿಗೆ ವಾಪಸ್ ಹೋಗುತ್ತೇವೆ ಅನ್ನಬೇಡಿ, ನೀರು ನಿಮಗಿಂತ ವೇಗ.

ಇನ್ನೊಂದು. ಈ ನದಿಯಲ್ಲಿ 2020ರಿಂದ ವಿಷಕಾರಿ ಸಯನೋಬ್ಯಾಕ್ಟೀರಿಯಾ (ಪಾಚಿಯಂತೆ ಬೆಳೆಯುವ ಸೂಕ್ಷ್ಮಜೀವಿ) ಕಂಡುಬಂದಿದೆ. ಮಗ ನೀರು ಬಾಯಿಗೆ ಹಾಕಬಾರದು, ತಲೆ ಮುಳುಗಿಸಬಾರದು. ಟ್ರೆಕ್ಕಿಂಗ್ ಫಿಲ್ಟರ್ ಈ ವಿಷ ತೆಗೆಯುವುದಿಲ್ಲ, ಕುದಿಸಿದರೂ ಹೋಗದು. ಹೊರಬಂದ ಮೇಲೆ ನಲ್ಲಿ ನೀರಲ್ಲಿ ಕೈ ತೊಳೆಸಿ ಆಮೇಲೆ ತಿಂಡಿ ಕೊಡಿ.

ಹೋಗುವಾಗ ಗೋಡೆಯನ್ನು ಹತ್ತಿರದಿಂದ ನೋಡಿ. ರಿವರ್‌ಸೈಡ್ ವಾಕ್‌ನಲ್ಲಿ ಮಳೆ ಇಲ್ಲದ ದಿನವೂ ಬಂಡೆ ಒಸರುತ್ತಿರುತ್ತದೆ, ಒಸರುವ ಗೆರೆಯುದ್ದಕ್ಕೂ ಜರೀಗಿಡ, ಪಾಚಿ. ಮೇಲಿನ ನವಾಹೋ ಮರಳುಗಲ್ಲು ಹಿಂದೊಮ್ಮೆ ಮರಳುದಿಬ್ಬ ಆಗಿದ್ದದ್ದು, ನೀರು ಅದರೊಳಗೆ ಹನಿಹನಿಯಾಗಿ ಇಳಿಯುತ್ತದೆ. ಕೆಳಗಿನ ಕಯೆಂಟಾ ಪದರ ಜೇಡಿ ಹೆಚ್ಚಿರುವ ಕಲ್ಲು, ನೀರನ್ನು ಇನ್ನೂ ಕೆಳಕ್ಕೆ ಬಿಡುವುದಿಲ್ಲ, ಹಾಗಾಗಿ ಪಕ್ಕಕ್ಕೆ ಬಂದು ಒಸರುತ್ತದೆ. ಕಣಿವೆಯ ಆಕಾರಕ್ಕೂ ಇದೇ ಕಾರಣ. ನದಿ ಕಯೆಂಟಾವರೆಗೆ ಕೊರೆದಿರುವ ಕಡೆ ಬುಡ ಸವೆದು ಮೇಲಿನ ಗೋಡೆ ಕುಸಿದು ಕಣಿವೆ ಅಗಲವಾಗಿದೆ. ನ್ಯಾರೋಸ್‌ನಲ್ಲಿ ಇನ್ನೂ ಮರಳುಗಲ್ಲನ್ನೇ ಕೊರೆಯುತ್ತಿದೆ, ಅದಕ್ಕೇ ಅಷ್ಟು ಇಕ್ಕಟ್ಟು. ಮಗನಿಗೆ ಆ ಒಸರುಗೆರೆಯನ್ನು ಬೆರಳಿಟ್ಟು ತೋರಿಸಬಹುದು.

ರೊಟ್ಟಿಬುತ್ತಿ

ಕುಡಿಯೂ ನೀರು, ಊಟದ ಬಗ್ಗೆ ಯಾರೂ ಬರದಿಲ್ಲ, ಅದಕ್ಕ ನಾ ಬರೀತೀನ್ರಿ. ಅಲ್ಲಿ ಹವಾ ಭಾಳ ಒಣ. ಬೆವರು ಮೈಮ್ಯಾಲೆ ನಿಲ್ಲೂದೇ ಇಲ್ಲ, ಬಂದ ಕೂಡ್ಲೇ ಆರಿ ಹೋಗ್ತದ. ಹಿರೇರು "ನನಗ ಬೆವರೇ ಬಂದಿಲ್ಲ, ನೀರಡಿಕಿ ಇಲ್ಲ" ಅಂತಾರ, ಮೈಯಾಗಿನ ನೀರು ಮಾತ್ರ ಖಾಲಿ ಆಗಿರ್ತದ. ಅದಕ್ಕ ನೀರಡಿಕಿ ಕಾಯಬ್ಯಾಡ್ರಿ. ಒಬ್ಬೊಬ್ಬರಿಗೆ ದಿನಕ್ಕ ನಾಕು ಲೀಟರ್ ಲೆಕ್ಕ ಹಿಡೀರಿ, ಅರ್ಧ ತಾಸಿಗೊಮ್ಮೆ ನಾಕು ಗುಟುಕು. ಉಚ್ಚಿ ಬಣ್ಣ ಗಟ್ಟಿ ಹಳದಿ ಆತಂದ್ರ ನೆರಳಿಗೆ ಕೂಡ್ರಿಸ್ರಿ. ವಿಸಿಟರ್ ಸೆಂಟರ್, ಮ್ಯೂಸಿಯಂ, ಲಾಡ್ಜ್, ಗ್ರಾಟೊ, ಕೊನೀ ನಿಲ್ದಾಣ, ಇಷ್ಟೂ ಕಡೆ ಬಾಟ್ಲಿ ತುಂಬ್ಕೋಬಹುದು.

ಬರೇ ನೀರು ಕುಡದ್ರೂ ತಪ್ಪು. ಬೆವರಿನ ಜೋಡಿ ಉಪ್ಪು ಹೋಗಿರ್ತದ, ಮ್ಯಾಲೆ ನೀರಷ್ಟೇ ಹಾಕಿದ್ರ ರಕ್ತದಾಗ ಉಪ್ಪಿನ ಅಂಶ ಇಳದು ತಲಿನೋವು, ವಾಂತಿ, ಗಲಿಬಿಲಿ ಶುರು ಆಗ್ತದ. ನೋಡಿದವ್ರು ಬಿಸಿಲು ಬಡದದ ಅಂತ ಮತ್ತಷ್ಟು ನೀರು ಕುಡಿಸ್ತಾರ, ಹೆಚ್ಚಾಗ್ತದ. ಅದಕ್ಕ ನೀರಿನ ಜೋಡಿ ಖಾರಾ, ಉಪ್ಪಿಂದು ಏನರೆ ತಿನ್ನಾಕ ಕೊಡ್ರಿ. ನಿಮ್ಮ ಅಪ್ಪಾರದ್ದು ಬಿಪಿ ಮಾತ್ರಿ ಅಂದ್ರಲ್ಲ, ಕೆಲವು ಬಿಪಿ ಮಾತ್ರಿ ಮೈಯಾಗಿನ ನೀರು ಹೊರಗ ಹಾಕೂವಂಥವು. ಉಪ್ಪು ಎಷ್ಟು, ನೀರು ಎಷ್ಟು, ಓಆರ್‌ಎಸ್ ನಡೀತದೋ ಇಲ್ಲೋ, ಹೊರಡೂಕಿಂತ ಮೊದ್ಲ ಅವರ ಡಾಕ್ಟರಿಗೆ ಕೇಳ್ರಿ. ಮಾತ್ರಿ ಡಬ್ಬಿ ಕಾರಿನಾಗ ಬಿಡಬ್ಯಾಡ್ರಿ, ಕಾರು ಒಳಗ ಕುದೀತದ.

ಬುತ್ತಿ ಬಗ್ಗೆ. ಬ್ರೆಡ್ ಅಲ್ಲಿ ಹತ್ತು ನಿಮಿಷಕ್ಕ ಒಣಗಿ ಕಟ್ಟಿಗಿ ಆಗ್ತದ. ಖಡಕ್ ರೊಟ್ಟಿ ಹೆಂಗೂ ಒಣಗಿದ್ದೇ, ಎಂಟು ದಿನ ಇಟ್ರೂ ಏನೂ ಆಗೂದಿಲ್ಲ. ಜೋಡಿ ಶೇಂಗಾ ಚಟ್ನಿ ಪುಡಿ. ನಿಮ್ಮ ಕಡೆಯವ್ರಿಗೆ ಚಕ್ಕಲಿ, ಕೋಡುಬಳೆ, ಪುಳಿಯೋಗರೆ ನಡೀತಾವು. ಮೊಸರನ್ನ ಮಾಡಿದ್ರ ಬರ್ಫ್ ಹಾಕಿದ ಕೂಲರ್‌ನಾಗ ಇಡ್ರಿ, ಹಂಗ ಬ್ಯಾಗಿನಾಗ ಇಟ್ರ ಮಧ್ಯಾಹ್ನಕ್ಕ ಹುಳಿ ಆಗಿರ್ತದ.

ಅಳಿಲಿಗೆ ಒಂದು ಕಾಳೂ ಹಾಕಬ್ಯಾಡ್ರಿ. ಅಲ್ಲಿ ಅಳಿಲು ಮಂದಿಗೆ ರೂಢಿ ಆಗಿ ಕೈಗೇ ಬಾಯಿ ಹಾಕ್ತಾವು, ಕಡೀತಾವು. ಹಾಕಿದವ್ರಿಗೆ ದಂಡನೂ ಅದ. ಅಮ್ಮಾರಿಗೆ, ಮಗಗ ಇಬ್ರಿಗೂ ಹೇಳ್ರಿ.

ಲೆಕ್ಕದಪುಸ್ತಕ

ಟಿಕೆಟ್ ಲೆಕ್ಕ. ಕಾರಿಗೆ 35 ಡಾಲರ್, ಏಳು ದಿನಕ್ಕೆ. ಅದಲ್ಲದೆ 2026ರ ಜನವರಿಯಿಂದ ಹನ್ನೊಂದು ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದವರಿಗೆ, 16 ವರ್ಷ ಮೇಲ್ಪಟ್ಟವರಿಗೆ, ತಲಾ 100 ಡಾಲರ್ ಹೆಚ್ಚುವರಿ. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ನಿಮ್ಮ ಅಪ್ಪ ಅಮ್ಮ ಇಬ್ಬರಿಗೆ ಝಯಾನ್‌ನಲ್ಲಿ 235, ಬ್ರೈಸ್‌ನಲ್ಲಿ ಮತ್ತೆ 235, ಒಟ್ಟು 470. ಇದರ ಬದಲು ಅಪ್ಪನ ಹೆಸರಿಗೆ 250 ಡಾಲರಿನ ಅನಿವಾಸಿ ವಾರ್ಷಿಕ ಪಾಸ್ ತೆಗೆದುಕೊಂಡರೆ ಅದೇ ಕಾರಿನಲ್ಲಿರುವ ಎಲ್ಲರೂ ಅದರಲ್ಲೇ ಒಳಗೆ. ಪಾಸಿನವರು ಕಾರಿನಲ್ಲಿರಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಒಂದೇ ಉದ್ಯಾನ ನೋಡುವುದಾದರೂ ವ್ಯತ್ಯಾಸ 15 ಡಾಲರ್ ಅಷ್ಟೇ.

ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರ ಏಪ್ರಿಲ್‌ನಿಂದ ಪರ್ಮಿಟ್ ಬೇಕು. ಸೆಪ್ಟೆಂಬರಿನಿಂದ ನವೆಂಬರ್‌ವರೆಗಿನ ದಿನಗಳಿಗೆ ಲಾಟರಿ ಅರ್ಜಿ ಹಾಕುವುದು ಜುಲೈ 1ರಿಂದ 20. ತಪ್ಪಿದರೆ ಹಿಂದಿನ ದಿನದ ಲಾಟರಿ, ಮಧ್ಯಾಹ್ನ 3ಕ್ಕೆ ಮುಗಿದು 4ಕ್ಕೆ ಫಲಿತಾಂಶ. ಅರ್ಜಿಗೆ 6 ಡಾಲರ್, ಸಿಕ್ಕರೆ ತಲಾ 3. ಆದರೆ ಕೊನೆಯ ಅರ್ಧ ಮೈಲಿ ಎರಡೂ ಪಕ್ಕ ಪ್ರಪಾತ ಇರುವ ಏಣು, ಸರಪಳಿ ಹಿಡಿದು ಹತ್ತಬೇಕು, ಎದುರಿಂದ ಇಳಿಯುವವರೂ ಅದೇ ಸರಪಳಿ. ಮಗನನ್ನು ಒಯ್ಯಬೇಡಿ. 21 ತಿರುವುಗಳ ವಾಲ್ಟರ್ಸ್ ವಿಗಲ್ಸ್ ಹತ್ತಿ ಸ್ಕೌಟ್ ಲುಕೌಟ್‌ವರೆಗೆ ಹೋಗಲು ಪರ್ಮಿಟ್ ಬೇಡ. ಅಲ್ಲಿಂದಲೇ ಕಣಿವೆ ಪೂರ್ತಿ ಕಾಣುತ್ತದೆ.

ನಾರ್ತ್ ರಿಮ್ ಬಿಟ್ಟುಬಿಡಿ. 2025ರ ಜುಲೈಯ ಡ್ರ್ಯಾಗನ್ ಬ್ರಾವೊ ಕಾಡ್ಗಿಚ್ಚಿನಲ್ಲಿ ಅಲ್ಲಿಯ ಹಳೆಯ ಲಾಡ್ಜ್ ಸುಟ್ಟುಹೋಯಿತು, ವಯಸ್ಸಾದವರಿಗೆ ಬೇಕಾದ ಅನುಕೂಲ ಅಲ್ಲಿಲ್ಲ. ಅದಲ್ಲದೆ ನಿಮ್ಮ ಮೂರನೇ ದಿನದ ಸುತ್ತು ಅಂದರೆ ಹತ್ತು ಗಂಟೆ ಕಾರಿನೊಳಗೇ. ಬ್ರೈಸ್ ಒಂದೇ ಸಾಕು, ಸ್ಪ್ರಿಂಗ್‌ಡೇಲ್‌ನಿಂದ ಎರಡು ಗಂಟೆ. ಸನ್‌ಸೆಟ್ ಪಾಯಿಂಟಿನಿಂದ ಸನ್‌ರೈಸ್ ಪಾಯಿಂಟಿನವರೆಗೆ ಅಂಚಿನುದ್ದಕ್ಕೂ ಅರ್ಧ ಮೈಲಿ ಸಮತಟ್ಟು ದಾರಿ. ಎತ್ತರ 8,000 ಅಡಿ, ಝಯಾನ್‌ನ ಎರಡರಷ್ಟು, ಅಕ್ಟೋಬರಿನಲ್ಲಿ ಅಮ್ಮನಿಗೆ ಶಾಲು ಟೋಪಿ ಎರಡೂ ಬೇಕು.

ಹೊಸದಾರಿ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬದಲಾಯಿಸಿದ ಪ್ಲಾನ್: ಅಕ್ಟೋಬರ್ ಮೊದಲ ಮಂಗಳವಾರ ವೇಗಸ್, ಸಂಜೆ ಸ್ಪ್ರಿಂಗ್‌ಡೇಲ್, ಬೂಟು ಕೋಲು ತಂದಿಟ್ಟು ಪಾರಸ್‌ನಲ್ಲಿ ಸ್ವಲ್ಪ ನಡಿಗೆ. ಬುಧವಾರ ಏಳಕ್ಕೆ ಮೊದಲ ಶಟಲ್, ನಾವು ಮೂವರು ಸೀದಾ ನದಿಗೆ, ಅಪ್ಪ ಅಮ್ಮ ರಿವರ್‌ಸೈಡ್ ವಾಕ್ ಮಾಡಿ ಕೊನೆಯ ನಿಲ್ದಾಣದಲ್ಲೇ ಕಾಯುತ್ತಾರೆ. ಗುರುವಾರ ಬ್ರೈಸ್ ದಾರಿಯಲ್ಲಿರುವ ಸುರಂಗದ ಆಚೆಯ ಕ್ಯಾನ್ಯನ್ ಓವರ್‌ಲುಕ್ ಎಲ್ಲರೂ ಹತ್ತಿ, ಬ್ರೈಸ್ ನೋಡಿ, ರಾತ್ರಿ ವೇಗಸ್. ಶುಕ್ರವಾರ ವಿಮಾನ. ಏಂಜಲ್ಸ್ ಲ್ಯಾಂಡಿಂಗ್ ಕೈಬಿಟ್ಟೆ.

ಕೆಂಪುಬಂಡೆ

ಮೂರು ಕಡೆ ತಿದ್ದಿ.

ಅಕ್ಟೋಬರ್ ಮೊದಲ ವಾರ ಅಲ್ಲಿ ಸೂರ್ಯ ಹುಟ್ಟುವುದೇ ಏಳೂವರೆಗೆ, ಆ ಇಕ್ಕಟ್ಟಿನ ತಳಕ್ಕೆ ಬಿಸಿಲು ಬರುವುದು ಇನ್ನೂ ತಡ. ಏಳಕ್ಕೇ ಮಗನನ್ನು ತಣ್ಣೀರಿಗೆ ಇಳಿಸುವುದು ಬೇಡ. ಮೊದಲ ಶಟಲ್ ಹಿಡಿಯಿರಿ, ಆದರೆ ಐದೂ ಜನ ಗ್ರಾಟೊದಲ್ಲಿ ಇಳಿದು ಲಾಡ್ಜ್‌ವರೆಗೆ ನಡೆಯಿರಿ. ತಿಂಡಿ ಅಲ್ಲೇ ಮುಗಿಸಿ, ಒಂಬತ್ತೂವರೆಗೆ ನೀವು ಮೂವರು ಮುಂದಕ್ಕೆ ಹೋಗಿ. ನೀರಿಗೆ ಇಳಿದ ಹೊತ್ತು ಬರೆದಿಟ್ಟುಕೊಂಡು, ಒಂದು ಗಂಟೆ ಆದ ಕೂಡಲೇ ಎಲ್ಲಿದ್ದೀರೋ ಅಲ್ಲಿಂದ ತಿರುಗಿ.

ಕ್ಯಾನ್ಯನ್ ಓವರ್‌ಲುಕ್ ಒಂದೇ ಮೈಲಿ ಅಂತ ನೋಡಿ ಮೋಸ ಹೋಗಬೇಡಿ. ಶುರುವಿನಲ್ಲೇ ಬಂಡೆಯಲ್ಲಿ ಕೊರೆದ ಎತ್ತರ ತಗ್ಗಿನ ಮೆಟ್ಟಿಲು, ನಡುವೆ ಕಂಬಿ ಹಿಡಿದು ಸಾಗುವ ಅಂಚು. ಅಮ್ಮನಿಗೆ ಇಳಿಯುವಾಗ ಮಂಡಿ ಕೈಕೊಡುತ್ತೆ. ಪಾರ್ಕಿಂಗ್ ಜಾಗವೂ ಕೆಲವೇ ಕಾರಿಗೆ. 1930ರ ಆ 1.1 ಮೈಲಿ ಸುರಂಗ ದಾಟುವುದೇ ಅಪ್ಪನಿಗೆ ಖುಷಿ ಕೊಡುತ್ತೆ, ಗೋಡೆಯಲ್ಲಿ ಕೊರೆದ ಕಿಂಡಿಗಳಿಂದ ಕಣಿವೆ ಮಿಂಚಿ ಮಾಯವಾಗುತ್ತೆ. ದಾಟಿದ ಮೇಲೆ ಚೆಕರ್‌ಬೋರ್ಡ್ ಮೇಸಾ ಹತ್ತಿರ ಕಾರು ನಿಲ್ಲಿಸಿ, ಇಳಿಯದೆಯೂ ಕಾಣುತ್ತೆ. ಬಂಡೆ ಮೇಲಿನ ಓರೆ ಗೆರೆಗಳೆಲ್ಲ ಹಳೆಯ ಮರಳುದಿಬ್ಬದ ಇಳಿಜಾರುಗಳು. ಸುರಂಗಕ್ಕೆ ಅಗಲ ಎತ್ತರದ ಮಿತಿ ಇದೆ, ಕಾರು ಮಿನಿವ್ಯಾನ್‌ಗೆ ತೊಂದರೆ ಇಲ್ಲ, ಆರ್‌ವಿ (ಒಳಗೇ ಮಲಗುವ ಮನೆಯಂಥ ದೊಡ್ಡ ಗಾಡಿ) ಮಾತ್ರ ಬಾಡಿಗೆಗೆ ತೆಗೆದುಕೊಳ್ಳಬೇಡಿ. ಬ್ರೈಸ್‌ನಿಂದ ವೇಗಸ್ ನಾಲ್ಕು ಗಂಟೆ, ಮುಸ್ಸಂಜೆ ಜಿಂಕೆಗಳು ರಸ್ತೆಗೆ ಬರುತ್ತವೆ, ನಾಲ್ಕರೊಳಗೆ ಹೊರಡಿ.

ಅಪ್ಪ ಅಮ್ಮನನ್ನು ಕೊನೆಯ ನಿಲ್ದಾಣದಲ್ಲಿ ಕಾಯಿಸಬೇಡಿ, ಲಾಡ್ಜ್‌ನ ಆ ಮರದ ಕೆಳಗೆ ಕಾಯಲಿ. ಊಟ, ಶೌಚಾಲಯ, ನೆರಳು ಮೂರೂ ಅಲ್ಲಿವೆ. ಕಣಿವೆಯಲ್ಲಿ ಬಹುತೇಕ ಕಡೆ ಫೋನ್ ಹತ್ತುವುದಿಲ್ಲ, "ಬಂದ ಮೇಲೆ ಫೋನ್ ಮಾಡ್ತೀನಿ" ಅನ್ನುವುದು ನಡೆಯುವುದಿಲ್ಲ. ಇಷ್ಟು ಗಂಟೆಗೆ ಈ ಮರದ ಕೆಳಗೆ ಅಂತ ಚೀಟಿಯಲ್ಲಿ ಬರೆದು ಇಬ್ಬರ ಜೇಬಿಗೂ ಹಾಕಿ. ಕೊನೆಯ ಶಟಲ್ ಸಮಯವೂ ಅದರಲ್ಲೇ ಇರಲಿ, ತಪ್ಪಿದರೆ ಕೊನೆಯ ನಿಲ್ದಾಣದಿಂದ ವಿಸಿಟರ್ ಸೆಂಟರ್‌ಗೆ ಸುಮಾರು ಎಂಟು ಮೈಲಿ ಕತ್ತಲಲ್ಲಿ ನಡಿಗೆ. ರೂಮಿನಿಂದ ಹೊರಡುವ ಮುಂಚೆ ಎಲ್ಲರ ಫೋನೂ ಒಂದೇ ಸಮಯ ತೋರಿಸುತ್ತಿವೆಯಾ ನೋಡಿ. ಸಿಗ್ನಲ್ ಸಿಗದ ಫೋನು ನೆವಾಡದ ಸಮಯದಲ್ಲೇ ಉಳಿದಿದ್ದರೆ ಅವರು ಒಂದು ಗಂಟೆ ತಡವಾಗಿ ಮರದ ಹತ್ತಿರ ಬರುತ್ತಾರೆ.